ಒಂಟಿ ಗುಮಾಸ್ತರ ಕಚೇರಿಗೆ ಓದಿ ಹೇಳುವ ಗಣಕಯಂತ್ರ

ಲೆಕ್ಕಪತ್ರಗಳನ್ನು ಕಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿ ಬರೆಯುತ್ತಿದ್ದ ಕಾಲದಲ್ಲಿ ವರ್ತಕರ ಮಳಿಗೆಗಳಲ್ಲಿ ಒಂದು ಒಳ್ಳೆಯ ಪದ್ಧತಿ ರೂಢಿಯಲ್ಲಿತ್ತು. ಸಂಜೆ ಬಾಗಿಲು ಹಾಕುವ ಮೊದಲು ಒಬ್ಬ ಗುಮಾಸ್ತರು ಬಿಲ್ಲುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಹೆಸರು, ತಾರೀಖು ಮತ್ತು ಮೊಬಲಗನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಇನ್ನೊಬ್ಬರು ಕಿರ್ದಿಯ ಆಯಾ ಸಾಲಿನ ಮುಂದೆ ಗುರುತು ಹಾಕುತ್ತಾ ಹೋಗುತ್ತಿದ್ದರು. ಒಬ್ಬರ ಬಾಯಿ, ಇನ್ನೊಬ್ಬರ ಕಿವಿ ಮತ್ತು ಕಣ್ಣು ಸೇರಿ ಅಂದಿನ ತಪ್ಪನ್ನು ಅಂದೇ ಹಿಡಿಯುತ್ತಿದ್ದವು.

ಗಣಕಯಂತ್ರ ಬಂದ ನಂತರ ಲೆಕ್ಕ ಬರೆಯುವ ವೇಗ ಹೆಚ್ಚಿತು. ಲೆಕ್ಕ ಬರೆಯುವವರ ಸಂಖ್ಯೆ ಕಡಿಮೆಯಾಯಿತು. ಇಂದು ಅನೇಕ ಸಣ್ಣ ಮಳಿಗೆಗಳಲ್ಲಿ ಮತ್ತು ಕಿರು ಕೈಗಾರಿಕಾ ಘಟಕಗಳಲ್ಲಿ ಲೆಕ್ಕಪತ್ರ ವಿಭಾಗವೆಂದರೆ ಒಂದು ಮೇಜು, ಒಂದು ಗಣಕಯಂತ್ರ ಮತ್ತು ಒಬ್ಬ ನೌಕರರು ಮಾತ್ರ. ದಾಖಲಿಸುವವರೂ ಪರಿಶೀಲಿಸುವವರೂ ಅವರೇ. ತಾವೇ ಬರೆದುದನ್ನು ತಾವೇ ಓದಿ ನೋಡುವಾಗ, ಅಲ್ಲಿ ಏನಿರಬೇಕೆಂದು ಮನಸ್ಸು ಮೊದಲೇ ತಿಳಿದಿರುವುದರಿಂದ, ಕಣ್ಣು ತಪ್ಪನ್ನು ದಾಟಿ ಹೋಗುತ್ತದೆ. ಓದಿ ಹೇಳುವ ಎರಡನೆಯ ವ್ಯಕ್ತಿಯ ಈ ಸ್ಥಾನವನ್ನು ಗಣಕಯಂತ್ರವೇ ತುಂಬಬಲ್ಲದು. ಅದಕ್ಕೆ ಬೇಕಾದ ಧ್ವನಿ ಬಹುತೇಕ ಗಣಕಯಂತ್ರಗಳಲ್ಲಿ ಈಗಾಗಲೇ ಇದೆ. ಅದನ್ನು ಎಲ್ಲ ತಂತ್ರಾಂಶಗಳಲ್ಲಿಯೂ ದುಡಿಸಿಕೊಳ್ಳಲು ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಯಂತ್ರವು ತಾನಾಗಿ ಪಾಲಿಸುವ ಕೆಲವೇ ಸಾಲುಗಳ ಆದೇಶಸರಣಿ, ಸಾಕಾಗುತ್ತದೆ.

ತಾಳೆಪಟ್ಟಿ ಹೇಳದ ತಪ್ಪು

ತಾಳೆಪಟ್ಟಿಯ ಎರಡೂ ಬದಿ ಸರಿಹೊಂದಿದರೆ ಲೆಕ್ಕ ಸರಿಯಾಗಿದೆ ಎಂಬ ನಂಬಿಕೆ ಇನ್ನೂ ಅನೇಕರಲ್ಲಿದೆ. ಕೈಬರಹದ ಲೆಕ್ಕದಲ್ಲಿ ಈ ನಂಬಿಕೆಗೆ ಸ್ವಲ್ಪ ಆಧಾರವಿತ್ತು. ಅಲ್ಲಿ ಖರ್ಚಿನ ಬದಿಗೆ ಒಂದು ಅಂಕಿ, ಜಮೆಯ ಬದಿಗೆ ಇನ್ನೊಂದು ಅಂಕಿ ಬೀಳುವ ಸಾಧ್ಯತೆ ಇತ್ತು. ಅಂತಹ ತಪ್ಪನ್ನು ತಾಳೆಪಟ್ಟಿ ತೋರಿಸಿಕೊಡುತ್ತಿತ್ತು. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲಿಯೋ ಎರಡು ಅಂಕಿಗಳು ಅದಲು ಬದಲಾಗಿರಬಹುದೆಂದು ಅನುಭವಿ ಗುಮಾಸ್ತರು ಊಹಿಸುತ್ತಿದ್ದರು. ಉದಾಹರಣೆಗೆ, 54,300 ರೂಪಾಯಿಗೆ ಬದಲಾಗಿ 45,300 ಎಂದು ಬರೆದರೆ ವ್ಯತ್ಯಾಸ 9,000 ರೂಪಾಯಿ.

ಲೆಕ್ಕಪತ್ರ ತಂತ್ರಾಂಶದಲ್ಲಿ ಈ ರಕ್ಷಣೆ ಉಳಿದಿಲ್ಲ. ಖರ್ಚು ಮತ್ತು ಜಮೆ ಸಮವಾಗದ ಹೊರತು ತಂತ್ರಾಂಶವು ವೋಚರನ್ನು ಸ್ವೀಕರಿಸುವುದಿಲ್ಲ. ಆದುದರಿಂದ 45,300 ಎಂಬ ತಪ್ಪು ಅಂಕಿ ಎರಡೂ ಬದಿಗೆ ಒಂದೇ ಸಮನಾಗಿ ಹೋಗುತ್ತದೆ. ತಾಳೆಪಟ್ಟಿ ತಾಳೆಯಾಗುತ್ತದೆ, ಅಢಾವೆ ಪತ್ರಿಕೆಯೂ ಸರಿಹೊಂದುತ್ತದೆ, ತಪ್ಪು ಮಾತ್ರ ಹಾಗೆಯೇ ಉಳಿಯುತ್ತದೆ. ಇದು ಮೂಲ ದಾಖಲೆಯಿಂದ ನಕಲು ಮಾಡುವಾಗ ಆದ ತಪ್ಪು. ಮೂಲ ದಾಖಲೆಯೊಂದಿಗೆ ತಾಳೆ ನೋಡದೆ ಇದನ್ನು ಹಿಡಿಯುವುದು ಕಷ್ಟ.

ಇಂತಹ ತಪ್ಪಿನ ಬೆಲೆ ಈಗ ಹೆಚ್ಚಾಗಿದೆ. ಬ್ಯಾಂಕುಗಳು ವಿದ್ಯುನ್ಮಾನ ಪಾವತಿಯನ್ನು ಖಾತೆ ಸಂಖ್ಯೆಯೊಂದನ್ನೇ ಆಧರಿಸಿ ಜಮೆ ಮಾಡಬಹುದೆಂದೂ, ಸರಿಯಾದ ಖಾತೆ ಸಂಖ್ಯೆ ನೀಡುವ ಹೊಣೆ ಹಣ ಕಳುಹಿಸುವವರದೆಂದೂ ಭಾರತೀಯ ರಿಸರ್ವ್ ಬ್ಯಾಂಕು 2010ರ ಅಕ್ಟೋಬರ್‌ನಲ್ಲಿಯೇ ಸ್ಪಷ್ಟಪಡಿಸಿದೆ. ಹಣ ಪಡೆಯುವವರ ಹೆಸರನ್ನು ಮೊದಲೇ ತೋರಿಸುವ ಸೌಲಭ್ಯವು ನೆಫ್ಟ್ ಮತ್ತು ಆರ್‌ಟಿಜಿಎಸ್ ಪಾವತಿಗಳಿಗೆ 2025ರಲ್ಲಿ ಬಂದಿದ್ದರೂ, ಅದನ್ನು ನೋಡಿ ಸಮ್ಮತಿಸಬೇಕಾದವರು ಕಳುಹಿಸುವವರೇ. ಇನ್ನು ಸರಕು ಮತ್ತು ಸೇವಾ ತೆರಿಗೆಯ ವಿಷಯ. 15 ಅಕ್ಷರಾಂಕಿಗಳ ಜಿಎಸ್‌ಟಿ ನೋಂದಣಿ ಸಂಖ್ಯೆಯ ಕೊನೆಯ ಸ್ಥಾನದಲ್ಲಿ ತಪಾಸಣಾ ಅಂಕಿ ಇರುವುದರಿಂದ ಅದರಲ್ಲಿನ ಬಹುಪಾಲು ಕೈತಪ್ಪುಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ. ಆದರೆ ಬಿಲ್ಲಿನ ಸಂಖ್ಯೆ, ತಾರೀಖು ಮತ್ತು ಮೊಬಲಗಿಗೆ ಅಂತಹ ಕಾವಲಿಲ್ಲ. ಮಾರಾಟಗಾರರು ಸಲ್ಲಿಸಿ ಕೊಳ್ಳುವವರಿಗೆ ತಿಳಿಸಲ್ಪಟ್ಟ ವಿವರವಿದ್ದರೆ ಮಾತ್ರ ಇನ್‌ಪುಟ್ ತೆರಿಗೆ ಕ್ರೆಡಿಟ್ ದೊರೆಯಬೇಕೆಂಬ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಹೀಗಿರುವಾಗ, ಒಬ್ಬರ ಮಳಿಗೆಯಲ್ಲಿ ಬಿದ್ದ ತಪ್ಪು ಅಂಕಿ ಇನ್ನೊಬ್ಬರ ಮಳಿಗೆಯಲ್ಲಿ ತಕರಾರಾಗಿ ಏಳುತ್ತದೆ.

ಯಂತ್ರದಲ್ಲಿ ಮೊದಲೇ ಇರುವ ಧ್ವನಿ

ಬರಹವನ್ನು ಮಾತಾಗಿ ಪರಿವರ್ತಿಸುವ ವ್ಯವಸ್ಥೆ ಹೊಸದೇನಲ್ಲ. 1984ರ ಜನವರಿಯಲ್ಲಿ ಆಪಲ್ ಕಂಪನಿಯು ಮ್ಯಾಕಿಂತೋಷ್ ಗಣಕಯಂತ್ರವನ್ನು ಲೋಕಕ್ಕೆ ಪರಿಚಯಿಸಿದಾಗ ಆ ಯಂತ್ರ ಸಭಿಕರೆದುರು ತಾನೇ ಮಾತನಾಡಿತ್ತು. ವಿಂಡೋಸ್ ಬಳಸುವವರಿಗೆ 2001ರಲ್ಲಿ ಬಂದ ಎಕ್ಸ್‌ಪಿ ಆವೃತ್ತಿಯೊಂದಿಗೇ ‘ಮೈಕ್ರೋಸಾಫ್ಟ್ ಸ್ಯಾಮ್’ ಎಂಬ ಧ್ವನಿ ದೊರೆಯಿತು. ಆ ಧ್ವನಿಯ ಹಿಂದೆ ‘ಸ್ಯಾಪಿ’ ಎಂಬ ಸಂಕ್ಷಿಪ್ತ ಹೆಸರಿನ ವ್ಯವಸ್ಥೆಯೊಂದು ಇದ್ದು, ಅದು ಇಂದಿನ ವಿಂಡೋಸ್‌ನಲ್ಲಿಯೂ ಮುಂದುವರಿದಿದೆ. ಯಾವುದೇ ತಂತ್ರಾಂಶ ಅಥವಾ ಸ್ಕ್ರಿಪ್ಟ್ ಈ ವ್ಯವಸ್ಥೆಗೆ ಒಂದಿಷ್ಟು ಬರಹವನ್ನು ಒಪ್ಪಿಸಿದರೆ ಅದು ಓದಿ ಹೇಳುತ್ತದೆ. ವೇಗವನ್ನು ಮೈನಸ್ 10ರಿಂದ 10ರವರೆಗೆ, ಧ್ವನಿಯ ಗಟ್ಟಿತನವನ್ನು 0ಯಿಂದ 100ರವರೆಗೆ ಹೊಂದಿಸಬಹುದು. ಇದಕ್ಕೆ ಪ್ರತ್ಯೇಕ ಶುಲ್ಕವಿಲ್ಲ.

ಎಕ್ಸೆಲ್ ಬಳಸುವವರಿಗೆ ಸ್ಕ್ರಿಪ್ಟ್ ಕೂಡ ಅವಶ್ಯವಿಲ್ಲ. ‘ಸ್ಪೀಕ್ ಸೆಲ್ಸ್’ ಎಂಬ ಸೌಲಭ್ಯವು 2002ರ ಆವೃತ್ತಿಯಿಂದಲೂ ಅದರಲ್ಲಿದೆ. ಈಗಿನ ಆವೃತ್ತಿಗಳಲ್ಲಿ ಅದು ಮೇಲುಪಟ್ಟಿಯಲ್ಲಿ ಕಾಣಿಸದ ಕಾರಣ ಬಹಳ ಮಂದಿಗೆ ಅದರ ಅರಿವಿಲ್ಲ. ತ್ವರಿತ ಬಳಕೆಯ ಪಟ್ಟಿ, ಅಂದರೆ ಕ್ವಿಕ್ ಆಕ್ಸೆಸ್ ಟೂಲ್‌ಬಾರ್‌ಗೆ ಅದನ್ನು ಸೇರಿಸಿಕೊಳ್ಳಬೇಕು. ಆಯ್ದ ಕೋಶಗಳನ್ನು ಅಡ್ಡಸಾಲಾಗಿ ಅಥವಾ ಕಂಬಸಾಲಾಗಿ ಓದಿಸಬಹುದು. ‘ಸ್ಪೀಕ್ ಆನ್ ಎಂಟರ್’ ಎಂಬುದನ್ನು ಆರಿಸಿಕೊಂಡರೆ ಅಂಕಿಯನ್ನು ದಾಖಲಿಸಿ ಎಂಟರ್ ಕೀಲಿ ಒತ್ತಿದ ಕೂಡಲೇ ಯಂತ್ರ ಅದನ್ನು ಓದಿ ಹೇಳುತ್ತದೆ. ದಾಸ್ತಾನು ಪಟ್ಟಿ, ಸಂಬಳದ ಪಟ್ಟಿ ತಯಾರಿಸುವವರಿಗೆ ಇದು ಬಹಳ ಉಪಯುಕ್ತ.

ಎಲ್ಲ ತಂತ್ರಾಂಶಗಳಿಗೂ ಒಂದೇ ಕೀಲಿ

ಆದರೆ ವರ್ತಕರ ಕೆಲಸ ಎಕ್ಸೆಲ್ ಒಂದರಲ್ಲಿಯೇ ಮುಗಿಯುವುದಿಲ್ಲ. ಬಿಲ್ಲು ತಯಾರಿಕೆ ಒಂದು ತಂತ್ರಾಂಶದಲ್ಲಿ, ಬ್ಯಾಂಕಿನ ವಿವರಣಾ ಪಟ್ಟಿ ಪಿಡಿಎಫ್ ರೂಪದಲ್ಲಿ, ತೆರಿಗೆ ವಿವರ ಬ್ರೌಸರ್‌ನಲ್ಲಿ, ಪತ್ರವ್ಯವಹಾರ ಮತ್ತೊಂದು ಕಡೆ. ಇವುಗಳಲ್ಲಿ ಕೆಲವು ಓದಿ ಹೇಳುತ್ತವೆ, ಕೆಲವು ಹೇಳುವುದಿಲ್ಲ. ಹೇಳುವವುಗಳ ಕ್ರಮವೂ ಒಂದೊಂದರಲ್ಲಿ ಒಂದೊಂದು ಬಗೆ. ಸ್ಕ್ರಿಪ್ಟಿನ ಉಪಯೋಗ ಇರುವುದು ಇಲ್ಲಿಯೇ. ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಸಮಾನವಾಗಿ ಒಪ್ಪುವ ಕೆಲಸವೊಂದಿದೆ. ಆಯ್ದ ಬರಹವನ್ನು ಕಂಟ್ರೋಲ್ ಮತ್ತು ಸಿ ಕೀಲಿಗಳಿಂದ ನಕಲು ಮಾಡುವುದೇ ಅದು. ಹಾಗೆ ನಕಲಾದ ಬರಹ ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಸ್ಥಳಕ್ಕೆ ಬರುತ್ತದೆ. ಅಲ್ಲಿಂದ ಅದನ್ನು ತೆಗೆದು ಧ್ವನಿ ವ್ಯವಸ್ಥೆಗೆ ಒಪ್ಪಿಸುವುದು ಸ್ಕ್ರಿಪ್ಟಿನ ಕೆಲಸ.

ನಿಗದಿಪಡಿಸಿದ ಒಂದು ಕೀಲಿ, ಉದಾಹರಣೆಗೆ ಎಫ್9, ಒತ್ತಿದಾಗ ಸ್ಕ್ರಿಪ್ಟ್ ಕ್ರಮವಾಗಿ ಈ ಕೆಲಸಗಳನ್ನು ಮಾಡಬೇಕು:

1. ಕ್ಲಿಪ್‌ಬೋರ್ಡ್‌ನಲ್ಲಿ ಮೊದಲೇ ಇರುವುದನ್ನು ಬೇರೆಡೆ ಕಾಯ್ದಿರಿಸಿ, ಅದನ್ನು ಬರಿದು ಮಾಡುವುದು.
2. ಎದುರಿಗಿರುವ ತಂತ್ರಾಂಶಕ್ಕೆ ನಕಲು ಮಾಡುವ ಆದೇಶ ಕಳುಹಿಸುವುದು.
3. ಬರಹ ಬಂದು ಸೇರುವವರೆಗೆ, ಹೆಚ್ಚೆಂದರೆ ಒಂದು ಸೆಕೆಂಡು, ಕಾಯುವುದು. ಏನೂ ಬಾರದಿದ್ದರೆ ‘ಏನೂ ಆಯ್ಕೆಯಾಗಿಲ್ಲ’ ಎಂದು ತಿಳಿಸಿ ನಿಲ್ಲುವುದು.
4. ಬರಹವನ್ನು ಓದಲು ತಕ್ಕಂತೆ ಹಸನುಗೊಳಿಸುವುದು.
5. ಅದನ್ನು ಧ್ವನಿ ವ್ಯವಸ್ಥೆಗೆ ಒಪ್ಪಿಸುವುದು.
6. ಕ್ಲಿಪ್‌ಬೋರ್ಡ್‌ನಲ್ಲಿ ಮೊದಲಿದ್ದುದನ್ನು ಮರಳಿ ಇಡುವುದು.

ಇವುಗಳಲ್ಲಿ ಒಂದನೆಯ ಮತ್ತು ಮೂರನೆಯ ಹಂತಗಳನ್ನು ಬಿಡಬಾರದು. ಕ್ಲಿಪ್‌ಬೋರ್ಡ್ ಬರಿದು ಮಾಡದೆ ಹೋದರೆ, ಹೊಸ ಬರಹ ನಕಲಾಗದ ಸಂದರ್ಭದಲ್ಲಿ ಯಂತ್ರ ಹಿಂದಿನ ಬಿಲ್ಲಿನ ಮೊಬಲಗನ್ನೇ ಮತ್ತೊಮ್ಮೆ ಓದಿ ಹೇಳುತ್ತದೆ. ಅದನ್ನು ನಂಬಿದರೆ ಪರಿಶೀಲನೆಯೇ ತಪ್ಪಿಗೆ ದಾರಿಯಾಗುತ್ತದೆ. ಓದುವುದನ್ನು ನಡುವೆಯೇ ನಿಲ್ಲಿಸಲು ಇನ್ನೊಂದು ಕೀಲಿಯನ್ನೂ ಗೊತ್ತುಪಡಿಸಬೇಕು. ಓದು ಮುಗಿಯುವವರೆಗೆ ಸ್ಕ್ರಿಪ್ಟ್ ಕಾದು ಕುಳಿತಿದ್ದರೆ ಆ ಎರಡನೆಯ ಕೀಲಿಗೆ ಅದು ಒಡನೆಯೇ ಓಗೊಡಲಾರದು. ಆದುದರಿಂದ ಹಿನ್ನೆಲೆಯಲ್ಲಿ ಓದುವ ಕ್ರಮವನ್ನೇ ಆರಿಸಬೇಕು. ಸ್ಯಾಪಿಯಲ್ಲಿ ಈ ಅನುಕೂಲವಿದೆ.

ಇಂತಹ ಸ್ಕ್ರಿಪ್ಟ್ ಬರೆಯಲು ‘ಆಟೋಹಾಟ್‌ಕೀ’ ಎಂಬ ಉಚಿತ ಸಾಧನ 2003ರಿಂದ ಲಭ್ಯವಿದೆ. ಅದರ ಎರಡನೆಯ ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಹೊರಬಂದಿತು. ಮೊದಲ ಆವೃತ್ತಿಗೆ ಬರೆದ ಸ್ಕ್ರಿಪ್ಟ್ ಎರಡನೆಯದರಲ್ಲಿ ಬದಲಾವಣೆಯಿಲ್ಲದೆ ನಡೆಯದಿರಬಹುದು ಎಂಬುದನ್ನು ಗಮನಿಸಬೇಕು. ವಿಂಡೋಸ್‌ನೊಂದಿಗೇ ಬರುವ ಪವರ್‌ಶೆಲ್ ಮೂಲಕವೂ ಸ್ಯಾಪಿಯನ್ನು ಕರೆಯಬಹುದು. ಹಿಂದೆ ಈ ಕೆಲಸಕ್ಕೆ ವಿಬಿಸ್ಕ್ರಿಪ್ಟ್ ಹೆಚ್ಚು ಬಳಕೆಯಲ್ಲಿತ್ತು. ಅದನ್ನು ಹಂತಹಂತವಾಗಿ ಕೈಬಿಡಲಾಗುವುದೆಂದು ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿರುವುದರಿಂದ ಹೊಸದಾಗಿ ಅದನ್ನು ಅವಲಂಬಿಸುವುದು ವಿವೇಕವಲ್ಲ. ಆಪಲ್ ಯಂತ್ರಗಳಲ್ಲಿ ಆಪಲ್‌ಸ್ಕ್ರಿಪ್ಟ್‌ನ ಒಂದೇ ಪದದ ಆದೇಶದಿಂದ ಇದೇ ಕೆಲಸ ನಡೆಯುತ್ತದೆ.

ಅಂಕಿಗಳನ್ನು ಓದಿಸುವ ಬಗೆ

ನಾಲ್ಕನೆಯ ಹಂತ, ಅಂದರೆ ಬರಹವನ್ನು ಹಸನುಗೊಳಿಸುವುದು, ಲೆಕ್ಕಪತ್ರದ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಇಂಗ್ಲಿಷ್ ಕಥೆಯನ್ನು ಚೆನ್ನಾಗಿ ಓದುವ ಧ್ವನಿ ಖಾತೆಯ ಪುಟವನ್ನು ಚೆನ್ನಾಗಿ ಓದುತ್ತದೆ ಎನ್ನಲಾಗದು. ಅಮೆರಿಕದ ಧ್ವನಿಗೆ ಲಕ್ಷ, ಕೋಟಿಗಳ ಲೆಕ್ಕ ತಿಳಿಯದು. 12,54,300 ಎಂಬ ಮೊತ್ತವನ್ನು ಅದು ಮಿಲಿಯನ್ ಲೆಕ್ಕದಲ್ಲಿ ಹೇಳಬಹುದು, ಅಥವಾ ನಮ್ಮ ಅಲ್ಪವಿರಾಮಗಳ ಸ್ಥಾನ ಅದಕ್ಕೆ ಅಪರಿಚಿತವಾದುದರಿಂದ ಮೂರು ತುಂಡಾಗಿ ಓದಬಹುದು. ಸ್ಕ್ರಿಪ್ಟ್ ಅಲ್ಪವಿರಾಮಗಳನ್ನು ತೆಗೆದು, ಬಲಗಡೆಯಿಂದ ಮೊದಲು ಮೂರು, ನಂತರ ಎರಡೆರಡು ಅಂಕಿಗಳಾಗಿ ವಿಂಗಡಿಸಿ, ನಡುವೆ ಲಕ್ಷ, ಸಾವಿರ ಎಂಬ ಪದಗಳನ್ನು ಸೇರಿಸಿಕೊಟ್ಟರೆ ಕಿವಿಗೆ ಗೊಂದಲವಿರುವುದಿಲ್ಲ.

ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಸಂಕೇತ ಮತ್ತು ಜಿಎಸ್‌ಟಿ ಸಂಖ್ಯೆಗಳ ಮಾತು ಬೇರೆ. ಇವು ಮೊತ್ತಗಳಲ್ಲ, ಗುರುತುಗಳು. ಇವುಗಳನ್ನು ಬಿಡಿಬಿಡಿಯಾಗಿಯೇ ಓದಿಸಬೇಕು. ಪ್ರತಿ ಅಕ್ಷರದ ನಡುವೆ ಒಂದು ತೆರವು ಬಿಟ್ಟು, ನಾಲ್ಕು ನಾಲ್ಕು ಅಂಕಿಗಳಿಗೊಮ್ಮೆ ಅಲ್ಪವಿರಾಮವಿಟ್ಟರೆ ಕೇಳುವವರಿಗೆ ಹಿಡಿದಿಟ್ಟುಕೊಳ್ಳಲು ಸುಲಭ. ಹೀಗೆ ಓದಿಸುವುದರಿಂದ ಇನ್ನೊಂದು ಗುಪ್ತ ದೋಷವೂ ಹೊರಬೀಳುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಉಳಿಸಿಕೊಳ್ಳುತ್ತದೆ. 16 ಅಂಕಿಗಳ ಖಾತೆ ಸಂಖ್ಯೆಯನ್ನು ಸಾಮಾನ್ಯ ಸಂಖ್ಯೆಯಂತೆ ದಾಖಲಿಸಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಮೊದಲಲ್ಲಿರುವ ಸೊನ್ನೆಗಳೂ ಅಳಿಸಿಹೋಗುತ್ತವೆ. ಆದುದರಿಂದ ಇಂತಹ ಕಂಬಸಾಲನ್ನು ಮೊದಲೇ ಪಠ್ಯರೂಪಕ್ಕೆ ನಿಗದಿಪಡಿಸಿ, ನಂತರ ಅಂಕಿಗಳನ್ನು ದಾಖಲಿಸಬೇಕು.

ಖರ್ಚು ಬದಿಯನ್ನು ಸೂಚಿಸುವ ಡಿ ಮತ್ತು ಆರ್ ಅಕ್ಷರಗಳನ್ನು ಇಂಗ್ಲಿಷ್ ಧ್ವನಿ ‘ಡಾಕ್ಟರ್’ ಎಂದು ಓದಬಹುದು. ಆವರಣದೊಳಗೆ ಬರೆದ ಋಣ ಮೊತ್ತವನ್ನು ಆವರಣದ ಸುಳಿವೇ ಇಲ್ಲದೆ ಓದಬಹುದು. ಇವುಗಳಿಗೆ ಬದಲಾಗಿ ಡೆಬಿಟ್, ಕ್ರೆಡಿಟ್, ಮೈನಸ್ ಎಂಬ ಪೂರ್ಣ ಪದಗಳನ್ನು ಸ್ಕ್ರಿಪ್ಟ್ ಸೇರಿಸಬೇಕು. ಕೋಷ್ಟಕದ ಒಂದು ಸಾಲನ್ನು ನಕಲು ಮಾಡಿದಾಗ ಕೋಶಗಳ ನಡುವೆ ಬರುವ ಟ್ಯಾಬ್ ಚಿಹ್ನೆಯನ್ನು ಅಲ್ಪವಿರಾಮವಾಗಿ ಬದಲಿಸಿದರೆ ಹೆಸರಿಗೂ ಮೊಬಲಗಿಗೂ ನಡುವೆ ತಕ್ಕ ವಿರಾಮ ದೊರೆಯುತ್ತದೆ.

ಕನ್ನಡದ ಬರಹ

ಪಕ್ಷಗಾರರ ಹೆಸರು, ಊರು, ಸರಕಿನ ವಿವರ ಕನ್ನಡದಲ್ಲಿದ್ದರೆ ಇಂಗ್ಲಿಷ್ ಧ್ವನಿಯಿಂದ ಪ್ರಯೋಜನವಿಲ್ಲ. ‘ಇ-ಸ್ಪೀಕ್ ಎನ್‌ಜಿ’ ಎಂಬ ಉಚಿತ ತಂತ್ರಾಂಶದಲ್ಲಿ ಕನ್ನಡವೂ ಸೇರಿದೆ. ಧ್ವನಿ ಯಾಂತ್ರಿಕವಾಗಿ ಕೇಳಿಸಿದರೂ ಅಂತರಜಾಲ ಸಂಪರ್ಕವಿಲ್ಲದೆ ಕೆಲಸ ಮಾಡುತ್ತದೆ. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನಲ್ಲಿ ಹೆಚ್ಚು ಸಹಜವಾದ ಕನ್ನಡ ಧ್ವನಿಗಳಿವೆ. ಆದರೆ ಅವು ಅಂತರಜಾಲದ ಮೂಲಕ ಕೆಲಸ ಮಾಡುವಂಥವು.

ಹಳೆಯ ಕಡತಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಬರಹ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲಾಗಿಯೇ ಇರುತ್ತದೆ. ಅದನ್ನು ಓದಿಸಿದರೆ ಅರ್ಥವಿಲ್ಲದ ಶಬ್ದಗಳು ಕೇಳಿಬರುತ್ತವೆ. ಅಂತಹ ಕಡತಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು.

ಕೆಲಸ ಮಾಡದ ಸಂದರ್ಭಗಳು

ಸ್ಕ್ರಿಪ್ಟ್ ಎಲ್ಲ ಕಡೆಯೂ ನಡೆಯುತ್ತದೆಂದು ಭಾವಿಸಬಾರದು. ಸ್ಕ್ಯಾನ್ ಮಾಡಿದ ಬಿಲ್ಲು ಒಂದು ಚಿತ್ರ ಮಾತ್ರ. ಅದರಲ್ಲಿ ನಕಲು ಮಾಡಲು ಬರಹವೇ ಇರುವುದಿಲ್ಲ. ಕೆಲವು ಲೆಕ್ಕಪತ್ರ ತಂತ್ರಾಂಶಗಳಲ್ಲಿ ನಕಲು ಮಾಡುವ ಕೀಲಿಗಳು ಬೇರೆಯಾಗಿರಬಹುದು. ಅದನ್ನು ಸ್ಕ್ರಿಪ್ಟಿಗೆ ಪ್ರತ್ಯೇಕವಾಗಿ ತಿಳಿಸಬೇಕು. ಇಲ್ಲವೇ ದಿನದ ವೋಚರುಗಳ ಪಟ್ಟಿಯನ್ನು ಎಕ್ಸೆಲ್‌ಗೆ ರವಾನಿಸಿ ಅಲ್ಲಿ ಓದಿಸುವುದು ಸುಲಭ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುವ ತಂತ್ರಾಂಶಕ್ಕೆ ಸಾಮಾನ್ಯ ಅಧಿಕಾರದ ಸ್ಕ್ರಿಪ್ಟ್ ಕೀಲಿ ಆದೇಶ ಕಳುಹಿಸುವುದನ್ನು ವಿಂಡೋಸ್ ತಡೆಯುತ್ತದೆ. ದೂರದ ಯಂತ್ರಕ್ಕೆ ಸಂಪರ್ಕ ಹೊಂದಿ ಕೆಲಸ ಮಾಡುವವರು ಎರಡೂ ಯಂತ್ರಗಳ ನಡುವೆ ಕ್ಲಿಪ್‌ಬೋರ್ಡ್ ಹಂಚಿಕೆಗೆ ಅವಕಾಶ ಕೊಟ್ಟಿರಬೇಕು. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಹೊಸದಾಗಿ ಸೇರಿಸಿಕೊಂಡ ಕೆಲವು ಧ್ವನಿಗಳು ಸ್ಯಾಪಿಯ ಪಟ್ಟಿಯಲ್ಲಿ ಕಾಣಿಸದಿರುವುದೂ ಉಂಟು.

ಭದ್ರತೆ ಮತ್ತು ಗೋಪ್ಯತೆ

ಸ್ಕ್ರಿಪ್ಟ್ ಎಂಬುದು ಯಜಮಾನರ ಅಧಿಕಾರದಲ್ಲಿಯೇ ಕೆಲಸ ಮಾಡುವ ಸೇವಕ. ಅಪರಿಚಿತರಿಂದ ಬಂದ ಸ್ಕ್ರಿಪ್ಟನ್ನು ತೆರೆಯುವುದು ತಿಜೋರಿಯ ಬೀಗದಕೈ ಕೊಟ್ಟಂತೆ. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಗಣಕಯಂತ್ರಗಳನ್ನು ಕಾಡಿದ ‘ಐ ಲವ್ ಯೂ’ ಎಂಬ ದುಷ್ಟ ತಂತ್ರಾಂಶವು ಮಿಂಚಂಚೆಯೊಂದಿಗೆ ಬಂದ ವಿಬಿಸ್ಕ್ರಿಪ್ಟ್ ಕಡತವೇ ಆಗಿತ್ತು. ಸಾಧನಗಳನ್ನು ಅವುಗಳ ಅಧಿಕೃತ ತಾಣದಿಂದ ಮಾತ್ರ ಪಡೆಯಬೇಕು. ಸ್ಕ್ರಿಪ್ಟಿನ ಪ್ರತಿ ಸಾಲಿನ ಅರ್ಥವನ್ನು ಬರೆದುಕೊಟ್ಟವರಿಂದ ತಿಳಿದುಕೊಳ್ಳಬೇಕು.

ಅಂತರಜಾಲದ ಮೂಲಕ ಓದುವ ಧ್ವನಿಗಳಿಗೆ ಬರಹವನ್ನು ಹೊರಗಿನ ಯಂತ್ರಕ್ಕೆ ಕಳುಹಿಸಬೇಕಾಗುತ್ತದೆ. ಪಕ್ಷಗಾರರ ಖಾತೆ ವಿವರ, ಸಂಬಳದ ಪಟ್ಟಿ ಮೊದಲಾದವುಗಳಿಗೆ ಕಚೇರಿಯ ಯಂತ್ರದಲ್ಲಿಯೇ ಇರುವ ಧ್ವನಿಯನ್ನು ಬಳಸುವುದು ಕ್ಷೇಮ. ಗಿರಾಕಿಗಳು ಕುಳಿತಿರುವ ಮಳಿಗೆಯಲ್ಲಿ ಇನ್ನೊಬ್ಬ ಗಿರಾಕಿಯ ಬಾಕಿ ಗಟ್ಟಿಯಾಗಿ ಕೇಳಿಸುವುದು ಶೋಭೆಯಲ್ಲ. ಕಿವಿಗೆ ಹೆಡ್‌ಫೋನ್ ಇರಲಿ.

ಅನುಭವಿಗಳನ್ನು ಉಳಿಸಿಕೊಳ್ಳುವ ದಾರಿ

ಈ ವ್ಯವಸ್ಥೆಗೆ ಇನ್ನೊಂದು ಪ್ರಯೋಜನವಿದೆ. ಮೂವತ್ತು ವರ್ಷ ಒಂದೇ ಮಳಿಗೆಯ ಲೆಕ್ಕ ಬರೆದು, ಪ್ರತಿಯೊಬ್ಬ ಪಕ್ಷಗಾರರ ವ್ಯವಹಾರದ ರೀತಿಯನ್ನು ಬಲ್ಲ ಗುಮಾಸ್ತರಿಗೆ ದೃಷ್ಟಿ ಮಂದವಾದರೆ ಅವರು ಕೆಲಸ ಬಿಡಬೇಕಾಗುತ್ತದೆ ಎಂದೇ ಇಬ್ಬರೂ ಭಾವಿಸುವುದುಂಟು. ಆದರೆ ಅಂಥವರ ಕೈ ಮತ್ತು ಬುದ್ಧಿ ಎರಡೂ ಸರಿಯಾಗಿಯೇ ಇರುತ್ತವೆ. ಆಯ್ದ ಭಾಗವನ್ನು ಓದಿ ಹೇಳುವ ಸ್ಕ್ರಿಪ್ಟ್ ಅವರ ಕೆಲಸವನ್ನು ಬಹುಮಟ್ಟಿಗೆ ಹಗುರಗೊಳಿಸುತ್ತದೆ. ದೃಷ್ಟಿ ಪೂರ್ಣ ಇಲ್ಲದವರಿಗೆ ಮಾತ್ರ ಸ್ಕ್ರಿಪ್ಟ್ ಸಾಲದು, ಏಕೆಂದರೆ ಯಾವ ಭಾಗವನ್ನು ಆಯ್ದುಕೊಳ್ಳಬೇಕೆಂಬುದೂ ಅವರಿಗೆ ಕೇಳಿಸಬೇಕು. ಅದಕ್ಕೆ ಪರದೆಯನ್ನೇ ಓದುವ ತಂತ್ರಾಂಶಗಳಿವೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಆರಂಭಿಸಿದ ‘ಎನ್‌ವಿಡಿಎ’ ಉಚಿತವಾಗಿ ದೊರೆಯುತ್ತದೆ. ಇ-ಸ್ಪೀಕ್ ಎನ್‌ಜಿ ಧ್ವನಿ ಅದರೊಂದಿಗೇ ಬರುತ್ತದೆ.

ಅಳವಡಿಸುವ ಕ್ರಮ

ಮೊದಲ ವಾರ ಎಕ್ಸೆಲ್‌ನ ಸೌಲಭ್ಯವನ್ನಷ್ಟೇ ಬಳಸಿ ಕಿವಿಗೆ ಅಭ್ಯಾಸ ಮಾಡಿಸಬೇಕು. ನಂತರ ಸ್ಕ್ರಿಪ್ಟ್ ಸಿದ್ಧಪಡಿಸಿ, ಮೊತ್ತ ಮುಂಚೆಯೇ ತಿಳಿದಿರುವ ಹತ್ತು ಬಿಲ್ಲುಗಳ ಮೇಲೆ ಪರೀಕ್ಷಿಸಬೇಕು. ಬೇಕೆಂದೇ ಒಂದೆರಡು ತಪ್ಪು ಅಂಕಿಗಳನ್ನು ಸೇರಿಸಿ, ಕೇಳುವವರು ಅವುಗಳನ್ನು ಹಿಡಿಯುತ್ತಾರೆಯೇ ಎಂದು ನೋಡುವುದು ಒಳ್ಳೆಯ ಪರೀಕ್ಷೆ. ಆಮೇಲೆ ಪ್ರತಿದಿನ ಸಂಜೆಯ ಒಂದು ನಿಶ್ಚಿತ ಸಮಯವನ್ನು ಇದಕ್ಕೆ ಮೀಸಲಿಡಬೇಕು. ಎಲ್ಲವನ್ನೂ ಓದಿಸಲು ಸಮಯವಿಲ್ಲದಿದ್ದರೆ ಆ ದಿನದ ಬ್ಯಾಂಕ್ ಪಾವತಿಗಳು, ಹೊಸ ಪಕ್ಷಗಾರರ ವಿವರಗಳು ಮತ್ತು ದೊಡ್ಡ ಮೊಬಲಗಿನ ಬಿಲ್ಲುಗಳನ್ನಾದರೂ ಬಿಡಬಾರದು.

ಒಂದು ನಿಯಮವನ್ನು ಮಾತ್ರ ಮೀರಬಾರದು. ಯಂತ್ರ ಓದುತ್ತಿರುವಾಗ ಕಣ್ಣು ಪರದೆಯ ಮೇಲಿರಬಾರದು, ಕೈಯಲ್ಲಿರುವ ಮೂಲ ಬಿಲ್ಲಿನ ಮೇಲಿರಬೇಕು. ಪರದೆಯನ್ನೇ ನೋಡುತ್ತಾ ಪರದೆಯ ಬರಹವನ್ನೇ ಕೇಳಿದರೆ ತಪ್ಪು ಅಂಕಿಯೂ ಎರಡೂ ಕಡೆ ಒಂದೇ ಆಗಿ ಹೊಂದಿಕೊಳ್ಳುತ್ತದೆ. ದಾಖಲಾಗಿರುವುದನ್ನು ಬೇಸರವಿಲ್ಲದೆ, ಊಹೆ ಸೇರಿಸದೆ ಓದಿ ಹೇಳುವುದಷ್ಟೇ ಯಂತ್ರದ ಕೆಲಸ. ಅದು ಸರಿಯೋ ತಪ್ಪೋ ಎಂದು ಅದು ಹೇಳಲಾರದು. ಕೇಳಿದ ಅಂಕಿಗೂ ಕಂಡ ಅಂಕಿಗೂ ತಾಳೆಯಾದ ಮೇಲೆ ಬಿಲ್ಲಿನ ಮೇಲೆ ಗುರುತು ಹಾಕುವ ಹೊಣೆ, ಹಿಂದಿನಂತೆಯೇ, ಪೆನ್ನು ಹಿಡಿದವರದು.